ಹನ್ನೆರಡು ಪ್ರಶ್ನೆ ಕೇಳಿ ಒಂಬತ್ತಕ್ಕೆ ನಾನೇ ಉತ್ತರ ಹೇಳಿದೆ: ನನ್ನ ಬಿ.ಇಡಿ ಅನುಭವ

ಮೈಕ್ರೋ ಟೀಚಿಂಗ್, ಅಂದರೆ ಕೆಲವೇ ನಿಮಿಷದ ಪುಟ್ಟ ಪಾಠ ಮಾಡಿ ಕಲಿಸುವುದನ್ನು ಅಭ್ಯಾಸ ಮಾಡುವುದು, ಶುರುವಾಗಿ ಎರಡನೇ ವಾರ. ಪಾಠ ಮುಗಿಸಿ ಕೈಯಲ್ಲಿದ್ದ ಸೀಮೆಸುಣ್ಣದ ಪುಡಿ ಒರೆಸಿಕೊಳ್ಳುತ್ತಿದ್ದೆ. ವೀಕ್ಷಕಿಯಾಗಿ ಕೂತಿದ್ದ ಗೆಳತಿ ಹಾಳೆ ತಂದು ಮುಂದೆ ಹಿಡಿದಳು. "ನೋಡೇ, ಹನ್ನೆರಡು ಪ್ರಶ್ನೆ ಕೇಳಿದೀಯ. ಒಂಬತ್ತಕ್ಕೆ ನೀನೇ ಉತ್ತರ ಹೇಳಿಬಿಟ್ಟಿದೀಯ."

ನಾನು ನಂಬಲಿಲ್ಲ. ಗೀಟುಗಳನ್ನು ಎಣಿಸಿದೆ. ಒಂಬತ್ತೇ ಇದ್ದವು.

ನಾನು ಬಿ.ಇಡಿಗೆ ಸೇರಿದ್ದು 2017ರಲ್ಲಿ, ಬಿ.ಎಸ್ಸಿ ಮುಗಿಸಿಕೊಂಡು. ಅಷ್ಟರಲ್ಲಿ ಕೋರ್ಸು ಎರಡು ವರ್ಷದ್ದಾಗಿತ್ತು, ನಾಲ್ಕು ಸೆಮಿಸ್ಟರ್. 2015ಕ್ಕೆ ಮುಂಚೆ ಒಂದೇ ವರ್ಷ ಇತ್ತಲ್ಲ, ಹಾಗಾಗಿ ಹೈಸ್ಕೂಲ್ ಮೇಷ್ಟ್ರಾಗಿದ್ದ ನಮ್ಮ ಸೋದರಮಾವ ಸಿಕ್ಕಾಗಲೆಲ್ಲ "ಎರಡು ವರ್ಷ ಅದೇನು ಕಲಿಸ್ತಾರಮ್ಮ?" ಅನ್ನುತ್ತಿದ್ದರು. ಮೊದಲ ಸೆಮಿಸ್ಟರ್ ಮುಗಿಯುವವರೆಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಮಕ್ಕಳು ಹೇಗೆ ಕಲಿಯುತ್ತಾರೆ ಅಂತ ಹೇಳಿದ ಮನೋವಿಜ್ಞಾನಿಗಳು ಪಿಯಾಜೆ, ವೈಗಾಟ್ಸ್ಕಿ ಅಂತ ಬಾಯಿಪಾಠ ಮಾಡಿದೆವು, ಬರೆದೆವು, ಪಾಸಾದೆವು.

ನನಗೆ ಏನಾದರೂ ಹತ್ತಿದ್ದು ಮೈಕ್ರೋ ಟೀಚಿಂಗ್‌ನಿಂದ. ಇದು 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪದ್ಧತಿ. ನಮ್ಮಲ್ಲಿ ಒಂದು ಸುತ್ತು 36 ನಿಮಿಷ. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ (ಫೀಡ್‌ಬ್ಯಾಕ್), 12 ನಿಮಿಷ ಪಾಠ ತಿದ್ದಿಕೊಳ್ಳಲು, ಮತ್ತೆ 6 ನಿಮಿಷ ಪಾಠ, ಮತ್ತೆ 6 ನಿಮಿಷ ಹಿಮ್ಮಾಹಿತಿ. ಒಂದು ಸಲಕ್ಕೆ ಒಂದೇ ಕೌಶಲ. ಆವತ್ತು ನನಗೆ ಬಂದಿದ್ದು ಪ್ರಶ್ನೆ ಕೇಳುವ ಕೌಶಲ. ಮಗು ಅರ್ಧಂಬರ್ಧ ಉತ್ತರ ಕೊಟ್ಟರೆ ಸುಳಿವು ಕೊಡಬೇಕು, ಇನ್ನಷ್ಟು ಕೆದಕಬೇಕು, ಅದೇ ಪ್ರಶ್ನೆಯನ್ನು ಇನ್ನೊಬ್ಬರ ಕಡೆ ತಿರುಗಿಸಬೇಕು. ವೀಕ್ಷಕರು ಪ್ರತಿಯೊಂದಕ್ಕೂ ಗೀಟು ಹಾಕುತ್ತಾ ಹೋಗುತ್ತಾರೆ.

ಇದರಲ್ಲಿ ಒಂದು ತಮಾಷೆ ಇದೆ. ಎದುರಿಗೆ ಕೂತವರು ಮಕ್ಕಳಲ್ಲ, ನಮ್ಮ ಜೊತೆಯವರೇ. ಮದುವೆಯಾಗಿ ಮಗು ಇದ್ದವಳೂ ಎಂಟನೇ ಕ್ಲಾಸಿನ ಹುಡುಗಿಯಾಗಿ ಕೈ ಎತ್ತಿ "ಮಿಸ್, ಮಿಸ್" ಅನ್ನುತ್ತಿದ್ದಳು. ಎಲ್ಲರಿಗೂ ಉತ್ತರ ಗೊತ್ತು. ಅಂಥವರ ಎದುರಿಗೇ ನಾನು ಬಾಯಿ ಮುಚ್ಚಿಕೊಂಡು ಇರಲಾರೆ ಅಂದರೆ, ಉತ್ತರ ಗೊತ್ತಿಲ್ಲದ ಮಕ್ಕಳ ಎದುರು ಏನು ಮಾಡಿಯೇನು?

ನಮ್ಮ ವಿಜ್ಞಾನ ಬೋಧನೆಯ ಮೇಡಂ ಆ ಹಾಳೆ ನೋಡಿ ಬೈಯಲಿಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿಯ ವಿಷಯ ಹೇಳಿದರು. 1970ರ ದಶಕದಲ್ಲೇ ಆಕೆ ತರಗತಿಗಳಲ್ಲಿ ಮಾತು ರೆಕಾರ್ಡ್ ಮಾಡಿ ಲೆಕ್ಕ ಹಾಕಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ. "ಮೂರೇ ಸೆಕೆಂಡು ಕಣಮ್ಮ, ಅಷ್ಟು ಸುಮ್ನಿರು" ಅಂದರು.

ಮೂರು ಸೆಕೆಂಡು ಅಂದರೆ ಏನು ಮಹಾ ಅನ್ನಿಸುತ್ತೆ ಅಲ್ವಾ? ಕರಿಹಲಗೆ ಮುಂದೆ ನಿಂತು ನೋಡಿ. ನಲವತ್ತು ಮುಖ ನಿಮ್ಮನ್ನೇ ನೋಡುತ್ತಿರುತ್ತವೆ, ಯಾರೂ ಉಸಿರೆತ್ತುವುದಿಲ್ಲ. ಒಂದು ಯುಗ.

ನಾನು ಕಂಡುಕೊಂಡ ಉಪಾಯ ಮಗ್ಗಿ. ಪ್ರಶ್ನೆ ಕೇಳಿದ ಕೂಡಲೇ ಮನಸ್ಸಿನಲ್ಲೇ "ಎರಡೊಂದ್ಲ ಎರಡು, ಎರಡೆರಡ್ಲ ನಾಕು, ಎರಡ್ಮೂರ್ಲ ಆರು" ಅನ್ನುವುದು. ಆರು ಬರುವವರೆಗೆ ಬಾಯಿ ತೆಗೆಯಬಾರದು. ಗಡಿಯಾರ ನೋಡುವ ಹಾಗಿಲ್ಲ, ನೋಡಿದರೆ ಮಕ್ಕಳೂ ಗಡಿಯಾರ ನೋಡುತ್ತಾರೆ. ಹಾಸ್ಟೆಲ್ ರೂಮಿನಲ್ಲಿ ಗೆಳತಿಯರ ಮೇಲೆ ಇದನ್ನು ಎಷ್ಟು ಪ್ರಯೋಗ ಮಾಡಿದೆ ಅಂದರೆ, "ಊಟಕ್ಕೆ ಬರ್ತೀಯಾ?" ಅಂತ ಕೇಳಿ ಸುಮ್ಮನೆ ಮುಖ ನೋಡುತ್ತಾ ನಿಂತು ಬೈಸಿಕೊಂಡಿದ್ದೇನೆ.

ಎರಡನೇ ವರ್ಷ ಇಂಟರ್ನ್‌ಶಿಪ್, 16 ವಾರ. ನನಗೆ ಸಿಕ್ಕಿದ್ದು ಒಂದು ಸರ್ಕಾರಿ ಪ್ರೌಢಶಾಲೆ. ಅಲ್ಲಿ ನಮ್ಮನ್ನು ಕಲಿಯಲು ಬಂದವರು ಅಂತ ನೋಡಿದವರು ಕಡಿಮೆ. ಯಾರು ರಜೆ ಹಾಕಿದರೂ "ಬಿ.ಇಡಿ ಮಿಸ್ ಇದಾರಲ್ಲ, ಕಳಿಸಿ" ಅನ್ನುವುದೇ. ಒಂದು ವಾರ ನಾನು ಸಮಾಜ ವಿಜ್ಞಾನ ಮಾಡಿದೆ. ಬಿಸಿಯೂಟದ ಹೊತ್ತಿಗೆ ತಟ್ಟೆ ಸಾಲು ನಿಲ್ಲಿಸಿದ್ದೂ ನಾವೇ. ಕೋಪ ಬರುತ್ತಿತ್ತು. ಆದರೆ ಹಿಂದಿನ ಬೆಂಚಿನ ಹುಡುಗರ ಪರಿಚಯ ಆಗಿದ್ದು ಆ ತಟ್ಟೆ ಸಾಲಿನಲ್ಲೇ.

ರಾತ್ರಿ ಪಾಠ ಯೋಜನೆ ಬರೆಯುವುದು. ನಮ್ಮದು ಐದು ಹಂತದ ನಮೂನೆ: ತೊಡಗಿಸಿಕೊಳ್ಳುವುದರಿಂದ ಹಿಡಿದು ಮೌಲ್ಯಮಾಪನದವರೆಗೆ. ಎಡಗಡೆ ಶಿಕ್ಷಕರ ಚಟುವಟಿಕೆ, ಬಲಗಡೆ ವಿದ್ಯಾರ್ಥಿಗಳ ಚಟುವಟಿಕೆ. ಬಲಗಡೆ ಎಲ್ಲರ ರೆಕಾರ್ಡಿನಲ್ಲೂ ಅದೇ ಸಾಲು: "ವಿದ್ಯಾರ್ಥಿಗಳು ಗಮನವಿಟ್ಟು ಆಲಿಸುವರು." "ವಿದ್ಯಾರ್ಥಿಗಳು ಸರಿಯಾಗಿ ಉತ್ತರಿಸುವರು." ಸೀನಿಯರ್‌ಗಳ ರೆಕಾರ್ಡು ನೋಡಿ ಇಳಿಸಿದ್ದು. ಸುಳ್ಳು ಯಾಕೆ ಹೇಳಲಿ, ನಾನೂ ಇಳಿಸಿದೆ. ಪಾಪ, ಮಕ್ಕಳು ಆ ಕಾಲಂ ಓದಿರುವುದಿಲ್ಲ.

ಕೆಲವು ವಾರ ಆದ ಮೇಲೆ ಬಲಗಡೆ ಬೇರೆ ಥರ ಬರೆಯತೊಡಗಿದೆ. ಮಕ್ಕಳು ಏನೇನು ತಪ್ಪು ಉತ್ತರ ಹೇಳಬಹುದು ಅಂತ ಊಹಿಸಿ ಬರೆಯುವುದು. "ಅರ್ಥ ಆಯ್ತಾ?" ಅನ್ನುವುದನ್ನೂ ಬಿಟ್ಟೆ. ಅದಕ್ಕೆ ಬರುವುದು ಒಂದೇ ರಾಗ, "ಆಯ್ತು ಮಿ..ಸ್". ಅದರ ಬದಲು, ಪಾಠದ ಕೊನೆಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ ಅನ್ನುತ್ತಿದ್ದೆ. ಯಾರಿಗೆ ಏನು ಅರ್ಥ ಆಗಿಲ್ಲ ಅಂತ ಆ ಸಾಲೇ ಹೇಳುತ್ತಿತ್ತು.

ಎಂಟನೇ ತರಗತಿಗೆ 'ಬಲ ಮತ್ತು ಒತ್ತಡ' ಪಾಠ. ಒಂದು ಸ್ಕೂಲ್ ಬ್ಯಾಗಿಗೆ ಹುರಿ ಕಟ್ಟಿ ಹುಡುಗನೊಬ್ಬನಿಗೆ ಹಿಡಿಯಲು ಕೊಟ್ಟೆ. ಬೆರಳು ಕೆಂಪಾಯಿತು. ಆಮೇಲೆ ಅದೇ ಬ್ಯಾಗನ್ನು ಅಗಲ ಪಟ್ಟಿ ಹಿಡಿದು ಎತ್ತಲು ಹೇಳಿದೆ. "ಭಾರ ಅದೇ. ಆಗ ನೋವು, ಈಗ ಇಲ್ಲ. ಯಾಕೆ?"

ಎರಡೊಂದ್ಲ ಎರಡು. ಎರಡೆರಡ್ಲ ನಾಕು. ಎರಡ್ಮೂರ್ಲ ಆರು. ಯಾರೂ ಮಾತಾಡಲಿಲ್ಲ. ಹತ್ತರವರೆಗೂ ಹೋದೆ. ಮೂರನೇ ಬೆಂಚಿನ ಹುಡುಗಿ, ಆವರೆಗೆ ಒಂದು ಮಾತೂ ಆಡದವಳು, ಮೆಲ್ಲಗೆ ಅಂದಳು: "ಸಿಂಬಿ ಇದ್ದಂಗೆ ಮಿಸ್."

ಇಡೀ ತರಗತಿ ನಕ್ಕಿತು. ನಾನು ನಗಲಿಲ್ಲ. "ಸಿಂಬಿ ಏನು ಮಾಡುತ್ತೆ?" ಅಂತ ಅವಳ ಪಕ್ಕದವಳನ್ನು ಕೇಳಿದೆ. "ಕೊಡ ನೆತ್ತಿ ಮೇಲೆ ಒಂದೇ ಕಡೆ ಒತ್ತಲ್ಲ ಮಿಸ್. ಸುತ್ತಾ ಒತ್ತುತ್ತೆ."

ಒತ್ತಡ ಅಂದರೆ ಬಲವನ್ನು ಅದು ಬೀಳುವ ವಿಸ್ತೀರ್ಣದಿಂದ ಭಾಗಿಸಿದ್ದು. ಹಲಗೆ ಮೇಲೆ ನಾನು ಇನ್ನೂ ಬರೆದೇ ಇರಲಿಲ್ಲ. ಅದೇ ಪಾಠದಲ್ಲಿ ಮುಂದೆ, ಹಮಾಲರು ತಲೆಗೆ ಬಟ್ಟೆ ಸುತ್ತಿಕೊಂಡು ಹೊರೆ ಹೊರುವ ಮಾತು ಬರುತ್ತದೆ. ಆ ಪುಟಕ್ಕೆ ನಾವು ಹೋಗಿರಲಿಲ್ಲ, ಮಕ್ಕಳು ಹೋಗಿದ್ದರು. ಒಬ್ಬನೇ ಮಾಡಲಾಗದ್ದನ್ನು ಮಗು ಸ್ವಲ್ಪ ಆಸರೆ ಕೊಟ್ಟರೆ ಮಾಡುತ್ತದೆ ಅಂತ ವೈಗಾಟ್ಸ್ಕಿ ಮೇಲೆ ನಾಲ್ಕು ಪುಟ ಬರೆದಿದ್ದೆನಲ್ಲ, ಅದು ತಲೆಗೆ ಹೋಗಿದ್ದು ಆವತ್ತು.

ಬೆಲ್ ಹೊಡೆಯುವಾಗ ಹಿಂದಿನ ಬೆಂಚಿನವನೊಬ್ಬ ಕೇಳಿದ: "ಹಂಗಾದ್ರೆ ಸಿಂಬಿ ಇಟ್ರೆ ಕೊಡ ಹಗುರ ಆಗ್ತದಾ ಮಿಸ್?" ಇದು ನನ್ನ ಊಹೆಯ ಪಟ್ಟಿಯಲ್ಲೇ ಇರಲಿಲ್ಲ. ಉತ್ತರ ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡೆ. "ನಾಳೆ ತೂಗೋಣ" ಅಂದೆ. ಮಾರನೇ ದಿನ ಲ್ಯಾಬಿನಿಂದ ಸ್ಪ್ರಿಂಗ್ ತಕ್ಕಡಿ ತಂದೆವು. ಕೈಚೀಲದಲ್ಲಿ ಒಂದು ತಂಬಿಗೆ ನೀರಿಟ್ಟು ತೂಗಿದೆವು. ಮತ್ತೆ ಅವನೇ ಮನೆಯಿಂದ ತಂದ ಸಿಂಬಿಯನ್ನೂ ಒಳಗೆ ಹಾಕಿ ತೂಗಿದೆವು. ಮುಳ್ಳು ಸ್ವಲ್ಪ ಕೆಳಗೇ ಇಳಿಯಿತು. ಅವನಿಗೆ ಬೇಜಾರಾಯಿತು, ಆಮೇಲೆ ತಾನೇ ನಕ್ಕ. "ಸಿಂಬಿದೂ ಭಾರ ಸೇರ್ತು."

ಕೊನೆಗೆ ಪ್ರಾಕ್ಟಿಕಲ್ ಪರೀಕ್ಷೆ. ಅದಕ್ಕೆ ಘರ್ಷಣೆ ಪಾಠ ಆರಿಸಿಕೊಂಡಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಪ್ರಶ್ನೆ ಕೇಳಿ ಮಗ್ಗಿ ಶುರು ಮಾಡಿದೆ. ನಾಕಕ್ಕೆ ಬರುವಷ್ಟರಲ್ಲಿ ಅವರು ಕೆಮ್ಮಿದರು. ಆರಕ್ಕೆ ವಾಚ್ ನೋಡಿದರು. ಎಂಟಕ್ಕೆ ತಡೆಯಲಾಗದೆ ಪಕ್ಕದ ಹುಡುಗನಿಗೆ ಮೆಲ್ಲಗೆ ಉತ್ತರ ಹೇಳಿಕೊಟ್ಟರು. ಅವನು ಎದ್ದು ನಿಂತು ಹೇಳಿದ, ಜೋರಾಗಿ. ನಾನು "ಯಾಕೆ ಹಾಗೆ?" ಅಂತ ಕೆದಕಿದೆ. ಹುಡುಗ ತಿರುಗಿ ಅವರ ಮುಖ ನೋಡಿದ.