ಹಾಲು ಕುಡಿಸುವಾಗ ತೊಟ್ಟು ನೋವೇ? ಮೊದಲು ಮಗುವಿನ ಬಾಯಿ ನೋಡಿ

ತಿಪಟೂರಿನ ಹತ್ತಿರ ತವರಿನಲ್ಲಿ ನನ್ನ ಬಾಣಂತನ. ಹೆರಿಗೆಯಾಗಿ ಐದನೇ ದಿನ. ಮಗು ಅತ್ತರೆ ಸಾಕು, ನನ್ನ ಕಾಲ್ಬೆರಳು ತಾನಾಗೇ ಮುದುರಿಕೊಳ್ಳುತ್ತಿತ್ತು. ಹಸಿದು ಅಳುವ ಸ್ವಂತ ಮಗುವನ್ನು ಕಂಡರೆ ಭಯ ಅಂತ ಯಾರ ಹತ್ತಿರ ಹೇಳಿಕೊಳ್ಳಲಿ? ಬಲಗಡೆ ತೊಟ್ಟು ಒಡೆದು ರಕ್ತ ಜಿನುಗುತ್ತಿತ್ತು. "ಮೊದ್ಲು ಎಲ್ರಿಗೂ ಹಿಂಗೇ ಕಣಮ್ಮ, ತಡ್ಕೋಬೇಕು" ಅಂದರು ದೊಡ್ಡಮ್ಮ. ಆಸ್ಪತ್ರೆಯಲ್ಲಿ "ಹಾಲು ಕುಡಿಸ್ತಿದೀಯಾ?" ಎಂದು ದಿನಾ ಕೇಳಿದ್ದರು. ಹೇಗೆ ಕುಡಿಸುತ್ತಿದ್ದೇನೆ ಎಂದು ಒಬ್ಬರೂ ನಿಂತು ನೋಡಿರಲಿಲ್ಲ.

ಏಳನೇ ದಿನ ಊರಿನ ಆಶಾ ಕಾರ್ಯಕರ್ತೆ ಅಕ್ಕ ಬಂದರು. ಮಗು ಆಗತಾನೆ ಹಾಲು ಬಿಟ್ಟಿತ್ತು. ಅವರು ನೋಡಿದ್ದು ಗಾಯವನ್ನಲ್ಲ, ತೊಟ್ಟಿನ ಆಕಾರವನ್ನು. "ಇದೇನವ್ವ, ಒಂದು ಕಡೆ ಓರೆಯಾಗಿ ಚಪ್ಪಟೆ ಆಗೈತೆ? ಮಗು ಬರೀ ತೊಟ್ಟು ಹಿಡೀತೈತೆ. ಮುಲಾಮು ಆಮೇಲೆ, ಮೊದ್ಲು ಬಾಯಿ ಸರಿ ಮಾಡಣ." ಮೂರು ಸಲ ಮಗುವನ್ನು ಬಿಡಿಸಿ ಹಿಡಿಸಿದರು. ನಾಲ್ಕನೇ ಸಲ ನೋವು ಅರ್ಧಕ್ಕರ್ಧ ಇಳಿಯಿತು. ನಾನು ಅತ್ತುಬಿಟ್ಟೆ.

ಅವತ್ತು ಕಲಿತದ್ದನ್ನು, ಆಮೇಲೆ ಕೇಳಿ ತಿಳಿದದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನೋವು ಯಾಕೆ ಬರುತ್ತದೆ?

ನಿಮ್ಮ ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಟ್ಟು ನಿಧಾನಕ್ಕೆ ಒಳಗೆ ಸರಿಸಿ. ಮುಂದೆ ಅಂಗುಳ ಗಟ್ಟಿ, ಹಿಂದೆ ಹೋದಂತೆ ಮೆತ್ತಗೆ, ಅಲ್ವಾ? ಮಗುವಿನ ಬಾಯಿಯೂ ಹಾಗೇ. ಮಗು ತೊಟ್ಟನ್ನಷ್ಟೇ ಹಿಡಿದರೆ ಅದು ಗಟ್ಟಿ ಅಂಗುಳಕ್ಕೂ ನಾಲಿಗೆಗೂ ಮಧ್ಯೆ ಸಿಕ್ಕಿ ಜಜ್ಜಿಹೋಗುತ್ತದೆ. ತೊಟ್ಟಿನ ಸುತ್ತಲ ಕಪ್ಪು ಭಾಗವೂ ಬಾಯಿ ತುಂಬ ಹೋದರೆ ತೊಟ್ಟು ಹಿಂದಿನ ಮೆತ್ತನೆಯ ಜಾಗ ತಲುಪುತ್ತದೆ. ಆಗ ಉಜ್ಜುವುದಿಲ್ಲ. ಹಾಲೂ ಚೆನ್ನಾಗಿ ಬರುತ್ತದೆ.

ಮೊದಲ ಕೆಲವು ದಿನ ಮಗು ಬಾಯಿ ಹಾಕಿದಾಗ ಅರ್ಧ ನಿಮಿಷ ಚುರುಕ್ ಅಂದು ಆಮೇಲೆ ಕಡಿಮೆಯಾದರೆ ಗಾಬರಿ ಬೇಡ. ಕುಡಿಯುವಷ್ಟು ಹೊತ್ತೂ ನೋಯುತ್ತಿದ್ದರೆ, ಚರ್ಮ ಒಡೆದಿದ್ದರೆ, ಅದು ತಡೆದುಕೊಳ್ಳಬೇಕಾದ ನೋವಲ್ಲ. ಮಗು ಬಿಟ್ಟ ತಕ್ಷಣ ತೊಟ್ಟು ನೋಡಿ. ದುಂಡಗಿದ್ದರೆ ಸರಿ. ಹೊಸ ಲಿಪ್‌ಸ್ಟಿಕ್ ತುದಿಯ ಹಾಗೆ ಓರೆಯಾಗಿದ್ದರೆ, ಅಥವಾ ಅಡ್ಡಕ್ಕೆ ಬಿಳಿ ಗೆರೆ ಬಿದ್ದಿದ್ದರೆ, ಹಿಡಿತ ಮೇಲುಮೇಲೇ ಇದೆ ಎಂದರ್ಥ.

ಹಿಡಿಸುವುದು ಹೇಗೆ?

ಮೊದಲು ನೀವು ಸರಿಯಾಗಿ ಕೂರಬೇಕು. ಗೋಡೆಗೆ ಒರಗಿ, ಸೊಂಟಕ್ಕೆ ದಿಂಬು, ತೊಡೆ ಮೇಲೆ ಇನ್ನೊಂದು ದಿಂಬು. ನಾವು ಸಾಮಾನ್ಯವಾಗಿ ಮಗುವಿನ ಕಡೆಗೆ ಬಗ್ಗಿಬಿಡುತ್ತೇವೆ. ಬೆನ್ನೂ ನೋಯುತ್ತದೆ, ತೊಟ್ಟೂ ಜಾರುತ್ತದೆ. ಮಗುವನ್ನು ಎದೆಯ ಹತ್ತಿರ ತರಬೇಕು, ಎದೆಯನ್ನು ಮಗುವಿನ ಹತ್ತಿರ ಅಲ್ಲ.

ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ಅಂಟಿರಲಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಕತ್ತು ತಿರುಗಿಸಿಕೊಂಡು ನೀರು ಕುಡಿದು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಮಗುವನ್ನು ಹೀಗೆ ಹತ್ತಿರ ತರುವುದು ಕಷ್ಟ. ಕುಡಿಸುವಾಗ ಸುತ್ತಿದ್ದನ್ನು ಸ್ವಲ್ಪ ಸಡಿಲ ಮಾಡಿ.

ಈಗ ಮುಖ್ಯವಾದದ್ದು. ತೊಟ್ಟಿನ ಎದುರಿಗೆ ಮಗುವಿನ ಬಾಯಿ ಬರಬಾರದು, ಮೂಗು ಬರಬೇಕು. ತೊಟ್ಟನ್ನು ಮೇಲಿನ ತುಟಿಗೆ ಮೆಲ್ಲಗೆ ಸವರಿ ಕಾಯಿರಿ. ಮಗು ಸುಮ್ನೆ ತುಟಿ ಬಿಚ್ಚಿದ ಕೂಡಲೇ ತುರುಕಬೇಡಿ. ಆಕಳಿಸುವ ಹಾಗೆ ಬಾಯಿ ದೊಡ್ಡದಾಗಿ ತೆರೆಯುವ ಒಂದು ಕ್ಷಣ ಬರುತ್ತದೆ. ಆಗ ಕತ್ತು ಮತ್ತು ಭುಜಕ್ಕೆ ಕೈಕೊಟ್ಟು ಸಟ್ಟನೆ ಎದೆಗೆ ತನ್ನಿ. ಗದ್ದ ಮೊದಲು ತಾಗಲಿ. ತಲೆಯ ಹಿಂಭಾಗ ಹಿಡಿದು ಒತ್ತಿದರೆ ಮಗು ಹಿಂದಕ್ಕೆ ಸೆಟೆಯುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಸಹಾಯಕ್ಕೆ ಬಂದು ಮಾಡುತ್ತಿದ್ದ ತಪ್ಪು ಇದೇ.

ಎದೆಯನ್ನು ಎರಡು ಬೆರಳಲ್ಲಿ ಕತ್ತರಿಯ ಹಾಗೆ ಹಿಡಿಯಬೇಡಿ, ಬೆರಳು ಕಪ್ಪು ಭಾಗಕ್ಕೆ ಅಡ್ಡ ಬರುತ್ತದೆ. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ, ಕಪ್ಪು ಭಾಗದಿಂದ ಸ್ವಲ್ಪ ಹಿಂದೆ ಇಟ್ಟು ಮೆಲ್ಲಗೆ ಅದುಮಿ. ದೊಡ್ಡ ಮುದ್ದೆ ತುತ್ತನ್ನು ಮಗುವಿನ ಬಾಯಿಗೆ ಹಿಡಿಸಲು ಒತ್ತಿ ಚಪ್ಪಟೆ ಮಾಡುತ್ತೇವಲ್ಲ, ಹಾಗೆ. ಚಪ್ಪಟೆ ಮಾಡಿದ್ದು ಮಗುವಿನ ತುಟಿಯ ಉದ್ದಕ್ಕೇ ಇರಬೇಕು.

ಸಿಸೇರಿಯನ್ ಆದವರಿಗೆ ಹೊಟ್ಟೆ ಮೇಲೆ ಭಾರ ಬೀಳಬಾರದು. ಅವರು ಮಗುವನ್ನು ಕಂಕುಳ ಕೆಳಗೆ ದಿಂಬಿನ ಮೇಲೆ ಮಲಗಿಸಿ, ಕಾಲು ಬೆನ್ನಿನ ಕಡೆ ಹೋಗುವ ಹಾಗೆ ಹಿಡಿಯಬಹುದು. ಪಕ್ಕಕ್ಕೆ ಮಲಗಿ ಕುಡಿಸುವುದೂ ಸರಿ. ಒಡೆದ ತೊಟ್ಟಿಗಂತೂ ಹೀಗೆ ಭಂಗಿ ಬದಲಿಸುವುದು ದೊಡ್ಡ ಉಪಕಾರ. ಒತ್ತಡ ಗಾಯದ ಮೇಲೇ ಮತ್ತೆ ಮತ್ತೆ ಬೀಳುವುದಿಲ್ಲ.

ಸರಿಯಾಗಿ ಹಿಡಿದಿದೆಯಾ ಅಂತ ತಿಳಿಯಲು ಮೇಲಿನಿಂದ ನೋಡಿ. ಗದ್ದ ಎದೆಗೆ ತಾಗಿರುತ್ತದೆ. ಬಾಯಿ ಅಗಲವಾಗಿರುತ್ತದೆ. ಕೆಳತುಟಿ ಹೊರಗೆ ಮಡಚಿರುತ್ತದೆ. ಕಪ್ಪು ಭಾಗ ಮೇಲ್ಗಡೆ ಜಾಸ್ತಿ, ಕೆಳಗಡೆ ಕಡಿಮೆ ಕಾಣುತ್ತದೆ. ಕೆನ್ನೆ ಉಬ್ಬಿದ್ದು, ಗುಟುಕು ನುಂಗುವ ಸದ್ದು ಕೇಳಿದರೆ ಇನ್ನೂ ಒಳ್ಳೆಯದು. ಕೆನ್ನೆ ಗುಳಿ ಬೀಳುತ್ತಿದ್ದರೆ, ಟಕ್ ಟಕ್ ಅಂತ ಸದ್ದಾಗುತ್ತಿದ್ದರೆ ಬಿಡಿಸಿ ಮತ್ತೆ ಹಿಡಿಸಿ.

ಬಿಡಿಸುವಾಗ ಎಳೆಯಬೇಡಿ. ಮೊಸರನ್ನ ಕಲಸುವ ಮುಂಚೆ ತೊಳೆಯುವಷ್ಟೇ ಶುದ್ಧವಾಗಿ ಕೈ ತೊಳೆದು, ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಿಂದ ಒಸಡುಗಳ ನಡುವೆ ತೂರಿಸಿ. ಪಚಕ್ ಅಂತ ಗಾಳಿ ಹೋಗಿ ಬಾಯಿ ಸಡಿಲವಾಗುತ್ತದೆ. ಆಮೇಲೆ ತೆಗೆಯಿರಿ. ಉಗುರು ಕತ್ತರಿಸಿರಲಿ.

ಕುಡಿಸಿದ ಮೇಲೆ

ಎರಡು ಹನಿ ಹಾಲು ಹಿಂಡಿ ತೊಟ್ಟಿಗೇ ಸವರಿ, ಗಾಳಿಗೆ ಒಣಗಲು ಬಿಡಿ. ಬಾಣಂತಿ ಕೋಣೆಯಲ್ಲಿ ಇದೇ ಕಷ್ಟದ ಕೆಲಸ. ಕಿಟಕಿ ಮುಚ್ಚಿರುತ್ತದೆ, ಫ್ಯಾನ್ ಇಲ್ಲ, ಸ್ವೆಟರ್, ಕಿವಿಗೆ ಸ್ಕಾರ್ಫ್, ಒಳಗೆ ಹಾಲು ಸೋರಿ ಒದ್ದೆಯಾದ ಬಟ್ಟೆ. ಒದ್ದೆಯಲ್ಲೇ ಇದ್ದರೆ ಚರ್ಮ ಮೆತ್ತಗಾಗಿ ಇನ್ನಷ್ಟು ಒಡೆಯುತ್ತದೆ. ಅಮ್ಮನಿಗೆ ಹೇಳಿ ಬಾಗಿಲು ಹಾಕಿಸಿಕೊಂಡು ಹತ್ತು ನಿಮಿಷ ಎದೆ ತೆರೆದು ಕೂತುಕೊಳ್ಳಿ. ಒಳಗೆ ಮೆತ್ತನೆಯ ಹತ್ತಿ ಬಟ್ಟೆ ಇಟ್ಟು, ಒದ್ದೆಯಾದಾಗಲೆಲ್ಲ ಬದಲಿಸಿ.

ಎರೆದುಕೊಳ್ಳುವಾಗ ತೊಟ್ಟಿಗೆ ಬರೀ ನೀರು ಸಾಕು. ಸೋಪು, ಕಡಲೆಹಿಟ್ಟು ಹಾಕಿ ತಿಕ್ಕಬೇಡಿ. ಚರ್ಮದಲ್ಲಿರುವ ಜಿಡ್ಡೇ ಅದಕ್ಕೆ ಕಾವಲು. ಡೆಟ್ಟಾಲ್, ಸ್ಪಿರಿಟ್ ಹತ್ತಿರಕ್ಕೂ ಬೇಡ.

ಹಚ್ಚಲು ಏನಾದರೂ ಬೇಕೇಬೇಕು ಅನ್ನಿಸಿದರೆ ಮೆಡಿಕಲ್ ಸ್ಟೋರಿನಲ್ಲಿ ಶುದ್ಧ ಲ್ಯಾನೊಲಿನ್ ಮುಲಾಮು ಸಿಗುತ್ತದೆ. ತೆಳ್ಳಗೆ ಹಚ್ಚಿದರೆ ಒರೆಸದೇ ಕುಡಿಸಬಹುದು. ಕೊಬ್ಬರಿಯ ಊರಿನವಳು ನಾನು, ಮನೆಯ ಕೊಬ್ಬರಿ ಎಣ್ಣೆಯನ್ನೇ ಒಂದು ಹನಿ ಸವರಿದೆ. ಉರಿ ಕಡಿಮೆಯಾಯಿತು. ಆದರೆ ಹಿಡಿತ ಸರಿಯಾಗುವವರೆಗೆ ಯಾವ ಎಣ್ಣೆಯೂ ಗಾಯವನ್ನು ಕೂಡಿಸಲಿಲ್ಲ. ಹರಳೆಣ್ಣೆ, ಅರಿಶಿನದ ಲೇಪ ಮಗುವಿನ ಬಾಯಿಗೆ ಹೋಗುತ್ತದೆ, ಬಿಡಿ. ಜೇನುತುಪ್ಪ ಮಾತ್ರ ಯಾರು ಹೇಳಿದರೂ ಹಚ್ಚಬೇಡಿ. ಒಂದು ವರ್ಷ ತುಂಬದ ಮಗುವಿಗೆ ಅದರಿಂದ ಅಪಾಯಕಾರಿ ಕಾಯಿಲೆ ಬರಬಹುದು.

ತೀರಾ ತಡೆಯಲಾಗದಿದ್ದರೆ

ನೋವು ಕಡಿಮೆ ಇರುವ ಕಡೆಯಿಂದ ಶುರು ಮಾಡಿ. ಮಗುವಿನ ಹಸಿವಿನ ಜೋರು ಅಲ್ಲಿ ತೀರುತ್ತದೆ, ಗಾಯದ ಕಡೆ ಬರುವಾಗ ಮೆಲ್ಲಗೆ ಚೀಪುತ್ತದೆ. ಹಾಲಿನಲ್ಲಿ ತೊಟ್ಟಿನ ರಕ್ತ ಸ್ವಲ್ಪ ಬಂದರೂ ಸಾಮಾನ್ಯವಾಗಿ ಮಗುವಿಗೆ ತೊಂದರೆಯಿಲ್ಲ.

ಅದೂ ಆಗದಿದ್ದರೆ ಒಂದೆರಡು ದಿನ ಆ ಕಡೆಯ ಹಾಲನ್ನು ಕೈಯಲ್ಲಿ ಹಿಂಡಿ ಕುಡಿಸಿ. ಹೆಬ್ಬೆರಳು, ತೋರುಬೆರಳನ್ನು ಕಪ್ಪು ಭಾಗದ ಅಂಚಿಗೆ ಇಟ್ಟು, ಎದೆಗೂಡಿನ ಕಡೆಗೆ ಒತ್ತಿ, ಬೆರಳು ಕೂಡಿಸಿ, ಬಿಡಿ. ತೊಟ್ಟನ್ನು ಎಳೆಯುವುದು ಬೇಡ. ಹುಟ್ಟಿದ ಮಗು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ, ಹಿಂಡುವುದೂ ಹೆಚ್ಚುಕಡಿಮೆ ಅಷ್ಟೇ ಸಲ ಆಗಬೇಕು. ಇಲ್ಲದಿದ್ದರೆ ಹಾಲು ಕಟ್ಟಿಕೊಳ್ಳುತ್ತದೆ. ಮುಚ್ಚಿಟ್ಟ ಹಾಲನ್ನು ಹೊರಗೆ 4 ಗಂಟೆಗಿಂತ ಹೆಚ್ಚು ಇಡಬೇಡಿ.

ಕುಡಿಸಲು ನಮ್ಮ ಅಜ್ಜಿಯರ ಒಳಲೆಯೇ (ಮೂತಿಯಿರುವ ಪುಟ್ಟ ಬಟ್ಟಲು) ಚೆಂದ. ಕುದಿಸಿ ಇಟ್ಟುಕೊಳ್ಳಿ. ಮಗುವನ್ನು ಅರ್ಧ ಕೂರಿಸಿ, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಮಗು ತಾನೇ ಚಪ್ಪರಿಸುವಷ್ಟು ಬಾಗಿಸಿ. ಸುರಿಯಬೇಡಿ, ನೆತ್ತಿಗೇರುತ್ತದೆ. ಬಾಟಲಿಗೆ ಹೋಗದಿದ್ದರೆ ಮಗು ಎದೆಗೆ ಮರಳುವುದು ಸುಲಭ.

ಹಿಡಿತ ಸರಿಯಿದ್ದೂ ನೋವಿದ್ದರೆ

ಮೂರನೇ ದಿನದಿಂದ ಐದನೇ ದಿನದೊಳಗೆ ಹಾಲು ಇಳಿದು ಎದೆ ಕಲ್ಲಾಗುವುದುಂಟು. ತೊಟ್ಟು ಒಳಗೆ ಸೇರಿಕೊಂಡು ಮಗುವಿಗೆ ಹಿಡಿಯಲು ಸಿಗುವುದಿಲ್ಲ. ಬೆಚ್ಚಗಿನ ಒದ್ದೆ ಬಟ್ಟೆ ಎರಡು ಮೂರು ನಿಮಿಷ ಇಟ್ಟು, ಸ್ವಲ್ಪ ಹಾಲು ಹಿಂಡಿ, ಕಪ್ಪು ಭಾಗ ಮೆತ್ತಗಾದ ಮೇಲೆ ಮಗುವನ್ನು ಹಾಕಿ.

ಚಳಿಯ ಬೆಳಿಗ್ಗೆ ಮಗು ಬಿಟ್ಟೊಡನೆ ತೊಟ್ಟು ಬೆಳ್ಳಗಾಗಿ ಉರಿದರೆ, ಅದು ರಕ್ತನಾಳ ಬಿಗಿದುಕೊಂಡಿದ್ದು. ಕೂಡಲೇ ಅಂಗೈ ಬಿಸಿ ಕೊಟ್ಟು ಬಟ್ಟೆ ಮುಚ್ಚಿ. ಹೀಗಾಗುವವರು ತೊಟ್ಟನ್ನು ಗಾಳಿಗೆ ಬಿಡುವುದು ಬೇಡ.

ಕುಡಿಸದ ಹೊತ್ತಲ್ಲೂ ಉರಿ, ತೊಟ್ಟು ಕೆಂಪಗೆ ಮಿಂಚುವುದು, ಮಗುವಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಪದರ ಕಂಡರೆ ಬೂಷ್ಟಿನ (ಫಂಗಸ್) ಸೋಂಕು ಇರಬಹುದು. ತಾಯಿ, ಮಗು ಇಬ್ಬರಿಗೂ ಒಟ್ಟಿಗೇ ಔಷಧಿ ಆಗಬೇಕು. ಒಬ್ಬರಿಗೆ ಮಾಡಿದರೆ ಇನ್ನೊಬ್ಬರಿಂದ ಮತ್ತೆ ಅಂಟುತ್ತದೆ. ಮಗು ನಾಲಿಗೆಯನ್ನು ಹೊರಗೆ ಚಾಚಲಾಗದಿದ್ದರೆ, ಅಡಿಯ ಪೊರೆ ಬಿಗಿಯಾಗಿದೆಯಾ ಎಂದು ಮಕ್ಕಳ ಡಾಕ್ಟರಿಗೆ ತೋರಿಸಿ. ಒಳಗೆ ಸೇರಿದ ತೊಟ್ಟಿದ್ದವರೂ ನರ್ಸ್ ಹತ್ತಿರ ಕೇಳಿ, ಸಿರಿಂಜಿನಿಂದ ಹೊರಗೆ ತರುವ ಉಪಾಯ ಅವರಿಗೆ ಗೊತ್ತಿರುತ್ತದೆ.

ಜ್ವರ, ಚಳಿ ನಡುಕ, ಎದೆಯ ಒಂದು ಕಡೆ ಕೆಂಪಾಗಿ ಬಿಸಿಯಾಗಿ ಗಟ್ಟಿಯಾಗುವುದು, ತೊಟ್ಟಿನಿಂದ ಕೀವು, ಇವು ಯಾವುದಿದ್ದರೂ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಹಾಲು ಕುಡಿಸುವುದನ್ನು ನೀವಾಗೇ ನಿಲ್ಲಿಸಬೇಡಿ. ಹಾಲು ಒಳಗೇ ನಿಂತರೆ ಬಾವು ಜೋರಾಗುತ್ತದೆ. ಮಗು ಗಂಟೆಗಟ್ಟಲೆ ಚೀಪಿಯೂ ಮೂತ್ರ ಕಡಿಮೆ ಮಾಡುತ್ತಿದ್ದರೆ, ತೂಕ ಏರದಿದ್ದರೆ ಅದೂ ತಡಮಾಡುವ ವಿಷಯವಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಬಂದಾಗ ತೂಕ ನೋಡಿ, ಕಾರ್ಡಿನಲ್ಲಿ ಬರೆದು ಹೊರಡಲು ಬಿಡಬೇಡಿ. "ಅಕ್ಕ, ಸ್ವಲ್ಪ ಕೂತ್ಕೊಳಿ, ನಾನು ಕುಡಿಸೋದು ನೋಡಿ" ಎಂದು ಕೇಳಿ. ಮಗು ಬಾಯಿ ಹಾಕುವುದರಿಂದ ಹಿಡಿದು ಬಿಡುವವರೆಗೆ ಅವರು ಪಕ್ಕದಲ್ಲೇ ಇರಲಿ.