ನಕಲಿ ಔಷಧ: ಕೊಳ್ಳುವಾಗ ಪರೀಕ್ಷಿಸುವುದು, ಸಂಶಯ ಬಂದರೆ ದೂರು ನೀಡುವುದು ಹೇಗೆ

ಮೆಡಿಕಲ್ ಅಂಗಡಿಯಿಂದ ತಂದ ಮಾತ್ರೆ ಅಸಲಿಯೋ ನಕಲಿಯೋ ಎಂಬುದನ್ನು ಖಚಿತವಾಗಿ ಹೇಳಬಲ್ಲದ್ದು ಪ್ರಯೋಗಾಲಯ ಮಾತ್ರ. ಆದರೆ ಆ ಮಾತ್ರೆ ಪ್ರಯೋಗಾಲಯದವರೆಗೆ ಹೋಗಬೇಕಾದರೆ, ಹೋದ ಮೇಲೆ ಅದು ಎಲ್ಲಿಂದ ಬಂತೆಂಬುದು ಪತ್ತೆಯಾಗಬೇಕಾದರೆ, ಬ್ಯಾಚ್ ಸಂಖ್ಯೆ (ಒಟ್ಟಿಗೆ ತಯಾರಾದ ಒಂದು ಕಂತಿನ ಔಷಧಕ್ಕೆ ತಯಾರಕರು ಕೊಡುವ ಗುರುತಿನ ಸಂಖ್ಯೆ) ನಮೂದಾಗಿರುವ ಬಿಲ್ಲು ಮತ್ತು ಅದೇ ಸಂಖ್ಯೆಯನ್ನು ಹೊತ್ತ ಸ್ಟ್ರಿಪ್ಪು ಕೊಂಡವರ ಕೈಯಲ್ಲಿರಬೇಕು. ನಮ್ಮಲ್ಲಿ ಹೆಚ್ಚಿನವರು ಬಿಲ್ಲನ್ನು ಕೇಳುವುದೇ ಇಲ್ಲ. ಸ್ಟ್ರಿಪ್ಪನ್ನು ಕತ್ತರಿಸಿ, ಸಂಖ್ಯೆಯಿದ್ದ ತುದಿಯನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತೇವೆ.

ನಕಲಿ ಔಷಧ ಬೇರೆ, ಕಳಪೆ ಔಷಧ ಬೇರೆ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯ ಪ್ರಕಾರ, ಬೇರೊಬ್ಬ ತಯಾರಕರ ಹೆಸರಿನಲ್ಲಿ ಅಥವಾ ಅಸ್ತಿತ್ವದಲ್ಲೇ ಇಲ್ಲದ ಕಂಪನಿಯ ಹೆಸರಿನಲ್ಲಿ ಮಾರುವ ಔಷಧ ನಕಲಿ. ಪರವಾನಗಿ ಪಡೆದ ಕಾರ್ಖಾನೆಯಿಂದಲೇ ಹೊರಬಂದು ಪರೀಕ್ಷೆಯಲ್ಲಿ ವಿಫಲವಾದದ್ದು ಕಳಪೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಮೃತಪಟ್ಟಾಗ ರಕ್ತನಾಳದ ಮೂಲಕ ಹನಿಹನಿಯಾಗಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಎದ್ದ ಸಂಶಯ ಈ ಎರಡನೆಯ ಬಗೆಯದು. ಕಾನೂನಿನಲ್ಲಿ ವ್ಯತ್ಯಾಸವಿದ್ದರೂ ರೋಗಿಯ ಪಾಲಿಗೆ ಎರಡೂ ಅಪಾಯಕಾರಿಯೇ. ಔಷಧಾಂಶವೇ ಇಲ್ಲದ ಮಾತ್ರೆ ಕಾಯಿಲೆಯನ್ನು ಉಲ್ಬಣಿಸಲು ಬಿಡುತ್ತದೆ; ಆಂಟಿಬಯಾಟಿಕ್‌ನಲ್ಲಿ ಔಷಧಾಂಶ ಕಡಿಮೆಯಿದ್ದರೆ ರೋಗಾಣುಗಳು ಅದಕ್ಕೆ ಒಗ್ಗಿಕೊಂಡು, ಮುಂದೆ ಅಸಲಿ ಔಷಧಕ್ಕೂ ಜಗ್ಗದಂತಾಗುತ್ತವೆ. ಇಲ್ಲೇ ಒಂದು ಮಾತನ್ನು ಹೇಳಬೇಕು: ಅಗ್ಗವಾದದ್ದೆಲ್ಲ ನಕಲಿಯಲ್ಲ. ಜನೌಷಧಿ ಕೇಂದ್ರದ ಜೆನೆರಿಕ್ ಮಾತ್ರೆಗೆ ಬೆಲೆ ಕಡಿಮೆಯಿರುವುದು ಅದಕ್ಕೆ ಬ್ರ್ಯಾಂಡ್ ಹೆಸರಿನ ಪ್ರಚಾರದ ಖರ್ಚು ಇಲ್ಲದಿರುವುದರಿಂದ. ಸಂಶಯಪಡಬೇಕಾದದ್ದು, ಎಲ್ಲೆಡೆ ಒಂದೇ ದರವಿರುವ ದುಬಾರಿ ಬ್ರ್ಯಾಂಡೊಂದು ಒಬ್ಬನ ಬಳಿ ಮಾತ್ರ ಅರ್ಧ ಬೆಲೆಗೆ ಸಿಗುವಾಗ.

ಪರವಾನಗಿಯನ್ನು ಗೋಡೆಗೆ ತೂಗುಹಾಕಿರುವ, ನೋಂದಾಯಿತ ಫಾರ್ಮಸಿಸ್ಟ್ ಇರುವ ಅಂಗಡಿಯಲ್ಲೇ ಔಷಧ ಕೊಳ್ಳಿ. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಇವೆಯೇ ಎಂದು ಅಲ್ಲೇ ನೋಡಿ. ಬಿಲ್ಲು ಬೇಕಿದ್ದರೆ ತೆರಿಗೆ ಬೇರೆ ಕೊಡಬೇಕು ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ, ಏಕೆಂದರೆ ಎಂ.ಆರ್.ಪಿ.ಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ದಿನವೂ ನುಂಗುವ ಮಾತ್ರೆಗಳನ್ನು ಇಡೀ ಸ್ಟ್ರಿಪ್ ಆಗಿಯೇ ತನ್ನಿ.

ಮನೆಗೆ ಬಂದ ಮೇಲೆ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿ. ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆಯೂ ಸ್ಟ್ರಿಪ್ಪಿನ ಸಂಖ್ಯೆಯೂ ಒಂದೇ ಆಗಿರಬೇಕು. ದಿನಾಂಕದ ಸುತ್ತ ಉಜ್ಜಿದ ಗುರುತು, ಮಸುಕು, ಒಂದರ ಮೇಲೊಂದು ಮುದ್ರಿಸಿದ ಅಂಕೆಗಳು ಕಂಡರೆ, ಅವಧಿ ಮೀರಿದ ಸರಕಿಗೆ ಹೊಸ ದಿನಾಂಕ ಹಚ್ಚಿರುವ ಸಾಧ್ಯತೆಯಿದೆ. ತಯಾರಕರ ಹೆಸರಿನಲ್ಲಿ ಅಕ್ಷರದೋಷ, ಮುಟ್ಟಿದರೆ ಪುಡಿಯಾಗುವ ಅಥವಾ ಚುಕ್ಕೆಬಿದ್ದ ಮಾತ್ರೆ, ಕಳೆದ ತಿಂಗಳಿನದಕ್ಕಿಂತ ಬೇರೆಯಾದ ಬಣ್ಣ ಇವೂ ಸಂಶಯಕ್ಕೆ ಕಾರಣಗಳೇ. 2023ರ ಆಗಸ್ಟ್ 1ರಿಂದ ಡೋಲೊ, ಕ್ಯಾಲ್‌ಪಾಲ್ ಸೇರಿದಂತೆ 300 ಬ್ರ್ಯಾಂಡ್‌ಗಳಿಗೆ ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡ್ ಕಡ್ಡಾಯವಾಗಿದ್ದು, ಅದನ್ನು ಸ್ಕ್ಯಾನ್ ಮಾಡಿದರೆ ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ದಿನಾಂಕಗಳು, ತಯಾರಿಕಾ ಪರವಾನಗಿ ಸಂಖ್ಯೆ ಕಾಣಬೇಕು. ಕೋಡನ್ನೂ ನಕಲು ಮಾಡಬಹುದಾದ್ದರಿಂದ, ಮೊಬೈಲಿನಲ್ಲಿ ಕಂಡ ವಿವರವನ್ನು ಸ್ಟ್ರಿಪ್ಪಿನ ಮೇಲಿನ ವಿವರದೊಂದಿಗೆ ಹೋಲಿಸದೆ ನಂಬಬಾರದು.

ಸಂಶಯ ಬಂದರೆ ಆ ಮಾತ್ರೆಯನ್ನು ನುಂಗಬೇಡಿ. ಹಾಗೆಂದು ಚಿಕಿತ್ಸೆಯನ್ನೂ ನಿಲ್ಲಿಸಬೇಡಿ. ಮೂರ್ಛೆರೋಗ, ಹೃದ್ರೋಗಗಳ ಔಷಧ ಒಮ್ಮೆಲೇ ನಿಂತರೆ ಜೀವಕ್ಕೇ ಕುತ್ತು ಬರಬಹುದಾದ್ದರಿಂದ ಅಂದೇ ವೈದ್ಯರಿಗೆ ತಿಳಿಸಿ, ಬೇರೆ ಅಂಗಡಿಯಿಂದ ತರಿಸಿಕೊಳ್ಳಿ. ಉಳಿದ ಮಾತ್ರೆಗಳನ್ನು ಅಂಗಡಿಗೆ ಮರಳಿಸಿದರೆ ಸಾಕ್ಷ್ಯವೇ ಕೈಬಿಟ್ಟು ಹೋಗುತ್ತದೆ. ಪೆಟ್ಟಿಗೆ, ಸ್ಟ್ರಿಪ್, ಬಿಲ್ಲುಗಳ ಫೋಟೊ ತೆಗೆದಿಟ್ಟುಕೊಂಡು, ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕಾಯ್ದೆಯ 26ನೇ ಕಲಂ ಪ್ರಕಾರ, ಕೊಂಡ ಔಷಧವನ್ನು ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯುವ ಹಕ್ಕು ಯಾವುದೇ ನಾಗರಿಕರಿಗಿದೆ. ಇದನ್ನು ಬಳಸುವವರು ತೀರಾ ವಿರಳವೆಂಬುದು ನನ್ನ ಕೊರಗು. ರಾಜ್ಯದ ಔಷಧ ಪರೀಕ್ಷಾ ಪ್ರಯೋಗಾಲಯಗಳು ಬೆಂಗಳೂರು, ಹುಬ್ಬಳ್ಳಿ ಮತ್ತು ಬಳ್ಳಾರಿಯಲ್ಲಿವೆ. ಔಷಧದಿಂದ ಅಡ್ಡಪರಿಣಾಮ ಆಗಿದ್ದರೆ 1800-180-3024 ಶುಲ್ಕರಹಿತ ಸಂಖ್ಯೆಗೂ ತಿಳಿಸಬಹುದು. ನಕಲಿ ಔಷಧದಿಂದ ಸಾವು ಅಥವಾ ತೀವ್ರ ಹಾನಿ ಸಂಭವಿಸಿದ್ದು ಸಾಬೀತಾದರೆ ಕನಿಷ್ಠ 10 ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ.

ಚುಚ್ಚುಮದ್ದಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 2021ರ ಏಪ್ರಿಲ್‌ನಲ್ಲಿ, ಕೋವಿಡ್ ಎರಡನೇ ಅಲೆಯ ನಡುವೆ, ಮೈಸೂರಿನಲ್ಲಿ ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ರೆಮ್‌ಡೆಸಿವಿರ್ ಚುಚ್ಚುಮದ್ದಿನ ಖಾಲಿ ಬಾಟಲಿಗಳಿಗೆ ಸಲೈನ್ ಮತ್ತು ಆಂಟಿಬಯಾಟಿಕ್ ತುಂಬಿ ಮಾರುತ್ತಿದ್ದ ಜಾಲವನ್ನು ಪೊಲೀಸರು ಪತ್ತೆಹಚ್ಚಿದರು. 2024ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಸಿಕ್ಕಿಬಿದ್ದವರು ಕ್ಯಾನ್ಸರ್ ಔಷಧದ ಖಾಲಿ ಬಾಟಲಿಗಳಿಗೆ ಇದನ್ನೇ ಮಾಡಿದ್ದರು. ಎರಡೂ ಕಡೆ ಬಾಟಲಿಯೂ ಲೇಬಲ್ಲೂ ಅಸಲಿಯವೇ, ಒಳಗಿನ ದ್ರವ ಮಾತ್ರ ಬೇರೆ. ಆದ್ದರಿಂದ ಬಾಟಲಿಯ ಸೀಲನ್ನು ನಿಮ್ಮ ಕಣ್ಣೆದುರೇ ತೆರೆಯುವಂತೆ ದಾದಿಯರನ್ನು ಕೇಳಿಕೊಳ್ಳಿ, ರಬ್ಬರ್ ಮುಚ್ಚಳದಲ್ಲಿ ಮೊದಲೇ ಸೂಜಿ ಚುಚ್ಚಿದ ತೂತಿದೆಯೇ ನೋಡಿ. ಚಿಕಿತ್ಸೆ ಮುಗಿದ ಮೇಲೆ ಲೇಬಲ್ಲಿನ ಮೇಲೆ ಮಾರ್ಕರ್‌ನಿಂದ ಗೀಚಿ, ಪೆಟ್ಟಿಗೆಯನ್ನು ಹರಿದು, ಬಾಟಲಿಯನ್ನು ಆಸ್ಪತ್ರೆಯ ಜೈವಿಕ ತ್ಯಾಜ್ಯದ ಡಬ್ಬಿಗೇ ಹಾಕಿಸಿ. ಖಾಲಿ ಬಾಟಲಿಗೆ ಹಣ ಕೊಡುತ್ತೇನೆಂದು ಯಾರಾದರೂ ಬಂದರೆ ಅದನ್ನೂ ಔಷಧ ನಿಯಂತ್ರಕರ ಕಚೇರಿಗೆ ತಿಳಿಸಿ.