ಕ್ಯಾಲಿಫೋರ್ನಿಯಾದ ಟಿ.ಕೆ.: ನಾಲ್ಕು ತುಂಬಿದ ಮಗುವಿಗೆ ಸರ್ಕಾರಿ ಶಾಲೆಯ ಸೀಟು

ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆ ಕಡೆಯ ನಮ್ಮವರಲ್ಲಿ ಎಷ್ಟೋ ಮಂದಿ ಮಗುವಿಗೆ ನಾಲ್ಕು ತುಂಬಿದರೂ ಡೇಕೇರ್‌ಗೆ ದುಡ್ಡು ಸುರಿಯುತ್ತಲೇ ಇರುತ್ತಾರೆ. ಕಿಂಡರ್‌ಗಾರ್ಟನ್‌ಗೆ ಹಿಂದಿನ ವರ್ಷದ ಟಿ.ಕೆ. (ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್) ಬಡವರಿಗೆ ಮಾತ್ರ, ವೀಸಾದಲ್ಲಿರುವವರಿಗೆ ಸಿಗುವುದಿಲ್ಲ ಎಂಬ ಮಾತು ಇನ್ನೂ ಓಡಾಡುತ್ತಿದೆ. ಎರಡೂ ಸುಳ್ಳು. ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್ ಎಂಬುದು ಒಂದನೇ ತರಗತಿಯಂತೆಯೇ ಸರ್ಕಾರಿ ಶಾಲೆಯ ಒಂದು ತರಗತಿ. ಫೀಸಿಲ್ಲ, ಸಂಬಳದ ಚೀಟಿ ತೋರಿಸಬೇಕಿಲ್ಲ, ವೀಸಾ ಯಾವುದೆಂದು ಶಾಲೆ ಕೇಳುವ ಹಾಗೂ ಇಲ್ಲ.

2010ರ ಕಾಯ್ದೆಯಿಂದ ಹುಟ್ಟಿದ ಈ ವ್ಯವಸ್ಥೆ ಮೊದಲು ಸೆಪ್ಟೆಂಬರ್–ಡಿಸೆಂಬರ್ ನಡುವೆ ಐದು ತುಂಬುವವರಿಗಷ್ಟೇ ಇತ್ತು. 2021ರಲ್ಲಿ ರಾಜ್ಯ ಅದನ್ನು ಹಂತಹಂತವಾಗಿ ಹಿಗ್ಗಿಸಲು ಹೊರಟಿತು. 2025-26ರಿಂದ, ಸೆಪ್ಟೆಂಬರ್ 1ರೊಳಗೆ ನಾಲ್ಕು ತುಂಬುವ ಎಲ್ಲ ಮಕ್ಕಳಿಗೂ ಬಾಗಿಲು ತೆರೆದಿದೆ. ತರಗತಿಯಲ್ಲಿ ಸರಾಸರಿ 24ಕ್ಕಿಂತ ಹೆಚ್ಚು ಮಕ್ಕಳಿರಬಾರದು, ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಇರಬೇಕು. ಪುಕ್ಕಟೆ ಅಂದಮಾತ್ರಕ್ಕೆ ಗುಣಮಟ್ಟ ಕಡಿಮೆ ಎಂದುಕೊಳ್ಳುವವರು ಈ ಎರಡು ನಿಯಮಗಳನ್ನು ತಮ್ಮ ಡೇಕೇರ್ ಜೊತೆ ಹೋಲಿಸಿ ನೋಡಲಿ. 2022-23ರಿಂದ ಬೆಳಗಿನ ತಿಂಡಿ, ಮಧ್ಯಾಹ್ನದ ಊಟವೂ ಉಚಿತ.

ದುಡ್ಡು ಬರುವ ದಾರಿ ಗೊತ್ತಿರಬೇಕು. ಸ್ಥಳೀಯ ಆಸ್ತಿ ತೆರಿಗೆಯೇ ಸಾಕಾಗುವ ಕೆಲವು ಡಿಸ್ಟ್ರಿಕ್ಟ್‌ಗಳನ್ನು (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಬಿಟ್ಟರೆ, ರಾಜ್ಯ ಹಣ ಕೊಡುವುದು ದಾಖಲಾತಿ ನೋಡಿಯಲ್ಲ, ಹಾಜರಾತಿ ನೋಡಿ. ಜ್ವರ ಬಂದು ಮಗು ಮನೆಯಲ್ಲಿದ್ದರೂ ಲೆಕ್ಕದಲ್ಲಿ ಅದು ಗೈರೇ. ಡಿಸೆಂಬರ್ ರಜೆಗೆ ಇನ್ನೆರಡು ವಾರ ಸೇರಿಸಿ ಬೆಂಗಳೂರಿಗೆ ಹೊರಡುವ ಮುಂಚೆ ಶಾಲಾ ಆಫೀಸಿನಲ್ಲಿ ಇಂಡಿಪೆಂಡೆಂಟ್ ಸ್ಟಡಿ (ಶಾಲೆಗೆ ಬಾರದೆ ಹೊರಗಿದ್ದೇ ಪಾಠ ಮಾಡುವ ಏರ್ಪಾಡು) ಸಿಗುತ್ತದೆಯೇ, ಸೀಟು ಉಳಿಯುತ್ತದೆಯೇ ಎಂದು ಕೇಳಿ. ಗೈರಿನಿಂದ ಶಾಲೆ ಕಳೆದುಕೊಳ್ಳುವುದು ಎಲ್ಲರ ಮಕ್ಕಳಿಗೂ ಸಲ್ಲುವ ಹಣ.

ದಾಖಲಾತಿಯಲ್ಲಿ ಊರಿನಿಂದ ಬಂದವರಿಗೆ ತೊಡಕಾಗುವುದು ಲಸಿಕೆ. ನಮ್ಮಲ್ಲಿ ಒಂಬತ್ತು ತಿಂಗಳಿಗೇ ದಡಾರದ ಚುಚ್ಚುಮದ್ದು ಹಾಕಿಸುತ್ತೇವಲ್ಲ, ಇಲ್ಲಿ ಅದು ಲೆಕ್ಕಕ್ಕಿಲ್ಲ. ಎಂಎಂಆರ್‌ನ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಎರಡು ಡೋಸೂ ಮೊದಲ ಹುಟ್ಟುಹಬ್ಬದಂದು ಅಥವಾ ಅದರ ನಂತರವೇ ಆಗಿರಬೇಕು. ಇನ್ನು ನಮ್ಮ ಲಸಿಕೆ ಪುಸ್ತಕದಲ್ಲಿ 05/06 ಎಂದಿದ್ದರೆ ಜೂನ್ 5, ಇಲ್ಲಿಯವರು ಓದುವುದು ಮೇ 6. ಇಲ್ಲಿನ ಮಕ್ಕಳ ಡಾಕ್ಟರ ಬಳಿ ಮೊದಲೇ ಹೋಗಿ, ಎಲ್ಲವನ್ನೂ ಇಲ್ಲಿನ ದಾಖಲೆಗೆ ಸರಿಯಾಗಿ ಏರಿಸಿಕೊಳ್ಳಿ.

ಮನೆಮಾತು ಯಾವುದು ಎಂಬ ಫಾರಂ ಕೂಡ ಬರುತ್ತದೆ. ಕನ್ನಡ ಎಂದರೆ ಮಗುವಿಗೆ ಪರೀಕ್ಷೆ ಇಡುತ್ತಾರೆ ಎಂದು ಹೆದರಿ ಇಂಗ್ಲಿಷ್ ಎಂದು ಬರೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. 2024ರ ತಿದ್ದುಪಡಿಯ ನಂತರ ಟಿ.ಕೆ. ಮಕ್ಕಳಿಗೆ ಎಲ್ಪ್ಯಾಕ್ ಎಂಬ ಆ ಇಂಗ್ಲಿಷ್ ಪರೀಕ್ಷೆಯೇ ಇಲ್ಲ. ಮುಂದೆ ಕಿಂಡರ್‌ಗಾರ್ಟನ್‌ನಲ್ಲಿ ಅದು ಬಂದರೂ, ಅಗತ್ಯವಿರುವ ಮಗುವಿಗೆ ಹೆಚ್ಚಿನ ನೆರವು ಕೊಡಲೆಂದೇ ಇರುವುದು.

ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ನಿಜವಾದ ಕಷ್ಟ ಸಮಯದ್ದು. ಕಾನೂನು ಬೇಡುವುದು ದಿನಕ್ಕೆ ಕನಿಷ್ಠ ಮೂರು ಗಂಟೆಯ ಪಾಠ ಮಾತ್ರ. ಉಳಿದ ಹೊತ್ತಿಗೆ ಶಾಲೆಯಲ್ಲೇ ನಡೆಯುವ ಆಫ್ಟರ್‌ಸ್ಕೂಲ್‌ನಲ್ಲಿ ಜಾಗವಿದೆಯೇ, ಅದಕ್ಕೆ ಹಣ ಎಷ್ಟು ಎಂದು ತಿಳಿದುಕೊಂಡ ಮೇಲಷ್ಟೇ ಡೇಕೇರ್ ಬಿಡಿ. ಹತ್ತಿರದ ಶಾಲೆಯಲ್ಲಿ ಟಿ.ಕೆ. ತರಗತಿ ಇಲ್ಲದೆ ಬೇರೆ ಕಡೆ ಹಾಕುವುದೂ ಉಂಟು. ಹಾಗಾದರೆ ಮುಂದಿನ ವರ್ಷ ಕಿಂಡರ್‌ಗಾರ್ಟನ್‌ಗೆ ನಿಮ್ಮ ವಿಳಾಸದ ಶಾಲೆಗೆ ಹೇಗೆ ಬರಬೇಕು ಎಂಬುದನ್ನೂ ಡಿಸ್ಟ್ರಿಕ್ಟ್ ಆಫೀಸಿನವರನ್ನು ಕೇಳಿಬಿಡಿ.